ಮಾರಾಟದ ಬರಹದಲ್ಲಿ ಮನಸ್ಸಿಗೆ ತಾಗುವ ಪದ ಆರಿಸುವುದು ಹೇಗೆ?

ಬ್ಯಾಗ್ ಹೊಲಿಯುವವಳು

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಸ್ಕೂಲ್ ಬ್ಯಾಗ್ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಹೊಲಿಗೆ ಬಗ್ಗೆ ನನಗೆ ಧೈರ್ಯ ಇದೆ. ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಕೂತರೆ ಮಾತ್ರ ಕೈ ಓಡುವುದಿಲ್ಲ.

ಒಂದು ತಿಂಗಳ ಹಿಂದೆ ಪರಿಚಯದವರೊಬ್ಬರು ಒಂದು ಲಿಸ್ಟ್ ಕಳಿಸಿದರು. ಮಾರಾಟದ ಬರಹಕ್ಕೆ 'ಪವರ್ ವರ್ಡ್ಸ್' ಅಂತೆ. ಇಂಥ ಪದ ಹಾಕಿದರೆ ಓದುವವರ ಭಾವನೆ ಕೆರಳಿ ತಾವಾಗಿಯೇ ಕೊಳ್ಳುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಎರಡು ರಾತ್ರಿ ಕೂತು ಆ ಪದಗಳನ್ನೆಲ್ಲ ಕನ್ನಡಕ್ಕೆ ತಂದೆ. ಆಮೇಲೆ ಹೀಗೆ ಬರೆದೆ:

"ನಿಮ್ಮ ಮಗುವಿನ ಶಾಲಾ ಜೀವನವನ್ನೇ ಬದಲಿಸುವ ಅದ್ಭುತ ಬ್ಯಾಗ್! ಅಪ್ರತಿಮ ಗುಣಮಟ್ಟ, ಕ್ರಾಂತಿಕಾರಿ ವಿನ್ಯಾಸ, ಖಾತರಿಯ ಬಾಳಿಕೆ. ಸೀಮಿತ ಅವಧಿಗೆ ಮಾತ್ರ. ಈಗಲೇ ಖರೀದಿಸಿ!"

ಅಕ್ಕನಿಗೆ ತೋರಿಸಿದೆ. ಅವಳು ಎರಡು ಸಲ ಓದಿ, "ಇದರಲ್ಲಿ ಬ್ಯಾಗ್ ಎಲ್ಲಿದೆ?" ಅಂದಳು. ಆದರೂ ಹಾಕಿದೆ. ಮೂರು ವಾರ ಆಯಿತು. ಮೊದಲು ಎಷ್ಟು ಜನ ಕೇಳುತ್ತಿದ್ದರೋ ಈಗಲೂ ಅಷ್ಟೇ ಜನ ಕೇಳುತ್ತಿದ್ದಾರೆ.

ನನ್ನ ಪ್ರಶ್ನೆ ಎರಡು. ಮನಸ್ಸಿಗೆ ತಾಗುವ ಪದ ಅನ್ನುವುದು ನಿಜವಾಗಿಯೂ ಇದೆಯಾ, ಇದ್ದರೆ ಕನ್ನಡದಲ್ಲಿ ಅದನ್ನು ಆರಿಸುವುದು ಹೇಗೆ? ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ತಾಯಂದಿರ ಭಾವನೆ ಮುಟ್ಟಿ ವಸ್ತು ಮಾರುವುದು ಸರಿಯಾ? ಬಲೆ ಬೀಸಿದ ಹಾಗೆ ಅನ್ನಿಸುತ್ತದೆ.

ನೇರ ಮಾತು

ಭಾವನೆ ಎಲ್ಲ ಯಾಕೆ? ವಿಷಯ ಹೇಳಿ, ಸಾಕು. ಎಷ್ಟು ತೂಕ, ಯಾವ ಬಟ್ಟೆ, ಎಷ್ಟು ಅರೆ. ಜಾಹೀರಾತು ಬರಹಕ್ಕೆ ಹೆಸರಾದ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ತಲೆಬರಹದಲ್ಲಿ 'ಅದ್ಭುತ' ಇರಲಿಲ್ಲ, 'ಐಷಾರಾಮಿ'ಯೂ ಇರಲಿಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದು, ಅಷ್ಟೇ ಅದರ ಅರ್ಥ. ಇವತ್ತಿಗೂ ಜನ ಅದನ್ನು ನೆನೆಸಿಕೊಳ್ಳುತ್ತಾರೆ.

ಜಾಹೀರಾತು ಬರೆಯುವವ

ಮೇಲಿನವರು ಕೊಟ್ಟ ಉದಾಹರಣೆ ಸರಿಯಾಗಿದೆ. ಆದರೆ ಅದರಲ್ಲಿ ಭಾವನೆ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗಡಿಯಾರದ ಸದ್ದೊಂದೇ ಕೇಳುವ ಕಾರಿನಲ್ಲಿ ಕೂತಂತೆ ಒಂದು ಕ್ಷಣ ಅನ್ನಿಸುತ್ತದೆ ಅಲ್ವಾ? ಅದೇ ಭಾವನೆ. ಭಾವನೆಯ ಹೆಸರು ಹೇಳಿಲ್ಲ, ಅಷ್ಟೇ.

ಅಕ್ಕ ಕೇಳಿದ ಪ್ರಶ್ನೆಯನ್ನು ಇಟ್ಟುಕೊಳ್ಳಿ ಮೇಡಂ. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಹತ್ತಿರ ಇಲ್ಲ. ನಿಮ್ಮ ಸಾಲಿನಲ್ಲಿ 'ಬ್ಯಾಗ್' ತೆಗೆದು 'ಛತ್ರಿ' ಹಾಕಿ ನೋಡಿ. ಏನೂ ಕೆಡುವುದಿಲ್ಲ. ಯಾವ ವಸ್ತುವಿಗೂ ಹೊಂದುವ ಪದ ನಿಮ್ಮ ವಸ್ತುವಿಗಾಗಿ ಕೆಲಸ ಮಾಡುವುದಿಲ್ಲ.

ನನಗೆ ಇದು ಗೊತ್ತಾದ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿತ್ತು. ಕಿವಿ ಮಂದವಾದವರು ಹಾಕಿಕೊಳ್ಳುವ ಮಿಷನ್ ಬಗ್ಗೆ ಬರೆಯಬೇಕಿತ್ತು. 'ಸ್ಪಷ್ಟ ಶ್ರವಣ, ನವ ಜೀವನ' ಅಂತ ಬರೆದುಕೊಟ್ಟೆ. ಮಾಲೀಕರಿಗೆ ಖುಷಿ ಆಯಿತು. ಒಬ್ಬರೂ ಅದನ್ನು ನೋಡಿ ಬರಲಿಲ್ಲ. ಆಮೇಲೆ ಅವರ ಅಂಗಡಿಯ ಮೂಲೆಯಲ್ಲಿ ಎರಡು ದಿನ ಸುಮ್ನೆ ಕೂತೆ. ಬಂದವರ ಮಾತು ಬರೆದುಕೊಂಡೆ, ಅಷ್ಟೇ.

ಯಾರ ಬಾಯಲ್ಲೂ 'ಶ್ರವಣ' ಬರಲಿಲ್ಲ. 'ನನಗೆ ಕೇಳಿಸುವುದಿಲ್ಲ' ಅಂದವರೂ ಕಡಿಮೆ. 'ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡ್ತಾರೆ' ಅಂದವರೇ ಜಾಸ್ತಿ. ಎರಡನೇ ದಿನ ಒಬ್ಬ ಅಜ್ಜ ಬಂದರು, ಸೊಸೆ ಜೊತೆಗಿದ್ದಳು. ಅವಳು ಬಿಲ್ ಮಾಡಿಸಲು ಆಚೆ ಹೋದಾಗ ನನ್ನ ಕಡೆ ತಿರುಗಿ, "ಎಲ್ಲರೂ ನಕ್ಕಾಗ ನಾನೂ ನಗ್ತೀನಿ. ಯಾಕೆ ನಕ್ಕರು ಅಂತ ಗೊತ್ತಿರಲ್ಲ" ಅಂದರು. ಅಂದು ಸುಮ್ಮನಾದರು. ನನಗೆ ಕರುಳು ಚುರ್ ಅಂದಿತು.

ಮರುದಿನ ತಲೆಬರಹ ಬದಲಿಸಿದೆ: "ಮನೆಯವರು ಯಾಕೆ ನಕ್ಕರು ಅಂತ ನಿಮಗೂ ಕೇಳಿಸಲಿ." ನೋವು, ಒಂಟಿತನ, ಸಂತೋಷ ಯಾವ ಪದವೂ ಇಲ್ಲ. ಆದರೆ ಜನ ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದರು.

ಅದಕ್ಕೇ ಹೇಳುತ್ತೇನೆ, ತಾಗುವ ಪದ ಲಿಸ್ಟಿನಲ್ಲಿ ಸಿಗುವುದಿಲ್ಲ. ಕೊಳ್ಳುವವರ ಬಾಯಲ್ಲಿ ಸಿಗುತ್ತದೆ. ನಿಮಗೆ ಬಂದ ಮೆಸೇಜುಗಳನ್ನೆಲ್ಲ ಒಂದು ಕಡೆ ಹಾಕಿಕೊಂಡು ಓದಿ. ಹೊಗಳಿದ್ದು ಮಾತ್ರ ಅಲ್ಲ, ಗೊಣಗಿದ್ದನ್ನೂ ಓದಿ. ಗೊಣಗುವಾಗ ಯಾರೂ ಪದ ಆರಿಸುವುದಿಲ್ಲ. ಇದ್ದದ್ದು ಇದ್ದ ಹಾಗೇ ಬರುತ್ತದೆ.

ಇನ್ನೊಂದು ವಿಷಯ. ನಾವು ಬಲ ಹುಡುಕುವುದು ಗುಣ ಹೇಳುವ ಪದದಲ್ಲಿ. ಅದು ಇರುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಮಾಡಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಿಕ್ಕ ತುಣುಕು ತೋರಿಸಿದರು. ಆಮೇಲೆ ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಬೇರೆ. 'ಒಂದಕ್ಕೊಂದು ತಾಗಿದಾಗ' ಅನ್ನುವ ಅರ್ಥದ ಪದ ಹಾಕಿ ಕೇಳಿದವರ ಉತ್ತರ ಸರಾಸರಿ ಗಂಟೆಗೆ 31.8 ಮೈಲಿ. 'ಅಪ್ಪಳಿಸಿ ನುಜ್ಜಾದಾಗ' ಅನ್ನುವಂಥ ಪದ ಹಾಕಿದಾಗ 40ಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲರೂ ನೋಡಿದ್ದು ಅವೇ ತುಣುಕುಗಳನ್ನು.

ಅವರ ಎರಡನೇ ಪ್ರಯೋಗ ಇನ್ನೂ ಬೆರಗು ಹುಟ್ಟಿಸುತ್ತದೆ. ಬೇರೆ ವಿದ್ಯಾರ್ಥಿಗಳಿಗೆ ಅಪಘಾತದ ತುಣುಕು ತೋರಿಸಿ, ಹಾಗೇ ವೇಗ ಕೇಳಿ, ವಾರ ಬಿಟ್ಟು ಕರೆದು, ಒಡೆದ ಗಾಜು ಕಂಡಿತಾ ಎಂದು ಕೇಳಿದರು. ಜೋರಾದ ಕ್ರಿಯಾಪದ ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಅಂದರು. 'ಗುದ್ದಿದಾಗ' ಅನ್ನುವಂಥ ಸಾಧಾರಣ ಪದ ಕೇಳಿದ್ದ 50 ಜನರಲ್ಲಿ 7 ಮಂದಿ. ಆ ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಪದ ಇಲ್ಲದ ಗಾಜನ್ನು ತಂದಿಡುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಶುರುವಾಗುತ್ತದೆ. ಅಷ್ಟು ಬಲ ಇರುವ ವಸ್ತುವನ್ನು ನೋಡಿ ಬಳಸಬೇಕು. ಇರುವುದನ್ನು ಕಾಣಿಸಿದರೆ ತಪ್ಪೇನಿಲ್ಲ. ಇಲ್ಲದ್ದನ್ನು ಕಾಣಿಸಿದರೆ ಅದು ಬಲೆಯೇ.

ಕನ್ನಡಕ್ಕೆ ಬಂದರೆ ನಮ್ಮ ಹತ್ತಿರ ದೊಡ್ಡ ಖಜಾನೆಯೇ ಇದೆ. ಬಟ್ಟೆ ಹರಿಯಿತು ಅನ್ನುವುದಕ್ಕೂ ಪರಕ್ಕನೆ ಹರಿಯಿತು ಅನ್ನುವುದಕ್ಕೂ ಎಷ್ಟು ಅಂತರ! ಎರಡನೆಯದರಲ್ಲಿ ಸದ್ದು ಕೇಳಿಸುತ್ತದೆ. ಗಕ್ಕನೆ ನಿಂತಿತು, ಸರ್ರನೆ ಜಾರಿತು, ಎದೆ ಧಸಕ್ ಅಂದಿತು. ಅಜ್ಜಿಯರು ಇವಿಲ್ಲದೆ ಒಂದು ಘಟನೆ ಹೇಳುವುದಿಲ್ಲ. ಬರೆಯಲು ಕೂತಾಗ ನಾವು ಇವನ್ನೆಲ್ಲ ಬಾಗಿಲಾಚೆ ಬಿಟ್ಟು 'ಗುಣಮಟ್ಟ', 'ವಿನ್ಯಾಸ', 'ಬಾಳಿಕೆ' ಅಂತ ಕೂರುತ್ತೇವೆ. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ.

ಒಂದೇ ಅರ್ಥದ ಪದಗಳಲ್ಲೂ ಒಳಗಿನ ರುಚಿ ಬೇರೆ ಬೇರೆ. 'ಉಚಿತ' ಅಂದರೆ ಮರ್ಯಾದೆ ಇದೆ, ಸ್ವಲ್ಪ ಸರ್ಕಾರಿ ಗಾಳಿ. 'ಫ್ರೀ' ಅಂದರೆ ಸಲೀಸು. 'ಪುಕ್ಕಟೆ' ಅಂದ ಕೂಡಲೇ ವಸ್ತುವಿನ ಬೆಲೆ ಇಳಿಯಿತು. 'ಬಿಟ್ಟಿ' ಅಂದರೆ ತೊಗೊಳ್ಳುವವನಿಗೇ ಅವಮಾನ. 'ಅಗ್ಗ' ಮತ್ತು 'ಕೈಗೆಟಕುವ' ಪದಗಳನ್ನೂ ಹೀಗೇ ಬಾಯಲ್ಲಿ ಹಾಕಿ ನೋಡಿ. ಬೇರೆ ಭಾಷೆಯ ಲಿಸ್ಟ್ ತರ್ಜುಮೆ ಮಾಡಿದಾಗ ಅರ್ಥ ಬಂದಿರುತ್ತದೆ, ಈ ರುಚಿ ಬಂದಿರುವುದಿಲ್ಲ.

ಇಂಥ ಲಿಸ್ಟುಗಳಲ್ಲಿ 'ಏಕೆಂದರೆ' ಕೂಡ ಒಂದು ಮಂತ್ರ ಅಂತ ಹೇಳುತ್ತಾರೆ. ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರ 1978ರ ಪ್ರಯೋಗ ಅದರ ಮೂಲ. ಜೆರಾಕ್ಸ್ ಮಿಷನ್ ಮುಂದೆ ನಿಂತವರ ಹತ್ತಿರ ಹೋಗಿ, 5 ಪುಟ ಇದೆ, ಮೊದಲು ಬಿಡ್ತೀರಾ ಅಂತ ಕೇಳುವುದು. ಕಾರಣ ಹೇಳದಿದ್ದಾಗ 60 ಶೇಕಡಾ ಜನ ಬಿಟ್ಟರು. 'ಏಕೆಂದರೆ ಅವಸರ ಇದೆ' ಅಂದಾಗ 94. 'ಏಕೆಂದರೆ ಕಾಪಿ ಮಾಡಬೇಕು' ಎಂಬ ಪೊಳ್ಳು ಕಾರಣಕ್ಕೂ 93. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಇದೆ. 20 ಪುಟ ಎಂದು ಕೇಳಿದಾಗ ಪೊಳ್ಳು ಕಾರಣಕ್ಕೆ 24 ಶೇಕಡಾ, ಕಾರಣವೇ ಇಲ್ಲದಿದ್ದರೂ 24. ನಿಜವಾದ ಕಾರಣಕ್ಕೆ ಮಾತ್ರ 42. ಕೇಳುವುದು ದೊಡ್ಡದಾದಾಗ ಮಂತ್ರ ಇಳಿಯಿತು, ಕಾರಣ ಉಳಿಯಿತು. ದುಡ್ಡು ಕೊಡಿ ಅಂತ ಕೇಳುವುದು ದೊಡ್ಡ ಮಾತು. ಅಲ್ಲಿ ಪದದ ಹಿಂದೆ ವಸ್ತು ಇರಬೇಕು.

ಮೆಸೇಜುಗಳನ್ನು ತಂದು ಇಲ್ಲಿ ಹಾಕಿ. ಒಟ್ಟಿಗೆ ನೋಡೋಣ. ಹೆಸರು ತೆಗೆದು ಹಾಕಿ.

ಬ್ಯಾಗ್ ಹೊಲಿಯುವವಳು

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡು ವರ್ಷದ ಮೆಸೇಜು ಕೆದಕಿದೆ. ಓದುತ್ತಾ ಓದುತ್ತಾ ಕಣ್ಣು ತುಂಬಿತು. ಇವನ್ನೆಲ್ಲ ಆಗ ಬರೀ 'ಆರ್ಡರ್ ವಿಷಯ' ಅಂತ ಓದಿ ಬಿಟ್ಟಿದ್ದೆ. ಮೂರು ಇಲ್ಲಿ ಹಾಕುತ್ತೇನೆ.

"ಹಳೇ ಬ್ಯಾಗಿನ ಪಟ್ಟಿ ಕಿತ್ತು ಬಂತು. ಮಗ ಒಂದೇ ಹೆಗಲಿಗೆ ಜೋತು ಹಾಕ್ಕೊಂಡು ಹೋಗ್ತಿದ್ದ. ನೋಡೋಕೆ ಆಗ್ತಿರಲಿಲ್ಲ."

"ಜಿಪ್ ಅರ್ಧಕ್ಕೇ ನಿಲ್ಲುತ್ತೆ. ದಿನಾ ಬೆಳಿಗ್ಗೆ ಅದರ ಜೊತೆ ಜಗಳ."

"ನಿಮ್ಮ ಬ್ಯಾಗ್ ಬಂತು. ಮಗಳು ರಾತ್ರೀನೇ ಪುಸ್ತಕ ಜೋಡಿಸಿ ಹಾಸಿಗೆ ಪಕ್ಕ ಇಟ್ಕೊಂಡು ಮಲಗಿದಳು."

ಮೊದಲನೆಯದನ್ನು ಹಿಡಿದು ಹೀಗೆ ಬರೆದಿದ್ದೇನೆ:

"ಹೋದ ವರ್ಷದ ಬ್ಯಾಗಿನ ಪಟ್ಟಿ ನಡುವರ್ಷಕ್ಕೇ ಕಿತ್ತು ಬಂತಾ? ಮಗು ಒಂದೇ ಹೆಗಲಿಗೆ ಜೋತು ಹಾಕಿಕೊಂಡು ಹೋಗುತ್ತಿದೆಯಾ? ಇದರಿಂದ ಮಗುವಿನ ಬೆನ್ನುಮೂಳೆಗೆ ಶಾಶ್ವತ ಹಾನಿಯಾಗಬಹುದು! ನಮ್ಮ ಬ್ಯಾಗಿನಲ್ಲಿ ಪಟ್ಟಿ ಕೂಡುವ ಜಾಗದಲ್ಲಿ ಅತ್ಯಂತ ಬಲವಾದ ಹೊಲಿಗೆ ಇದೆ. ಕಿತ್ತರೆ ಖಂಡಿತವಾಗಿಯೂ ಸರಿಮಾಡಿಕೊಡುವ ಭರವಸೆ ನೀಡುತ್ತೇವೆ."

ಮೊದಲಿನದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತಿದೆ. ಹೌದಾ?

ಇಬ್ಬರು ಮಕ್ಕಳ ತಾಯಿ

ನಾನು ಬರೆಯುವವಳಲ್ಲ, ಕೊಳ್ಳುವವಳು. ಬೆನ್ನುಮೂಳೆ ಸಾಲು ಓದಿದ ಕೂಡಲೇ ಒಂದು ಮಾತು ಹೇಳಲೇಬೇಕು ಅನ್ನಿಸಿತು.

ದೊಡ್ಡವನು ಚಿಕ್ಕವನಿದ್ದಾಗ ಒಂದು ಕಂಪನಿಯ ಜಾಹೀರಾತು ನೋಡಿ ಓದುವ ಮೇಜು ಕೊಂಡಿದ್ದೆ. 'ನಿಮ್ಮ ನಿರ್ಲಕ್ಷ್ಯಕ್ಕೆ ಮಗು ಜೀವನಪೂರ್ತಿ ಬೆಲೆ ತೆರಬೇಕೇ?' ಅಂತ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮಗ ನೆಲದ ಮೇಲೆ ಬೋರಲು ಮಲಗಿ ಬರೆಯುವುದನ್ನು ದಿನಾ ನೋಡುತ್ತಿದ್ದೆ. ನಾನೇ ಹಾಳು ಮಾಡಿದೆ ಅಂತ ಅನ್ನಿಸಿಬಿಟ್ಟಿತು. ಬೆಳಿಗ್ಗೆಯೇ ಆರ್ಡರ್ ಹಾಕಿದೆ. ಮೇಜು ಬಂತು. ಕೆಟ್ಟದ್ದೇನೂ ಅಲ್ಲ. ಆದರೆ ಅದನ್ನು ನೋಡಿದಾಗೆಲ್ಲ ಯಾರೋ ಬೈದ ಹಾಗೆ ಆಗುತ್ತಿತ್ತು. ಆ ಕಂಪನಿಯಿಂದ ಮತ್ತೆ ಒಂದು ಪೆನ್ಸಿಲ್ ಕೂಡ ಕೊಳ್ಳಲಿಲ್ಲ.

ನಿಮ್ಮ ಮೂರನೇ ಮೆಸೇಜ್ ಓದಿ ನನಗೆ ನಮ್ಮ ಚಿಕ್ಕವಳು ನೆನಪಾದಳು. ಅದನ್ನು ಯಾಕೆ ಬಿಟ್ಟಿರಿ?

ಜಾಹೀರಾತು ಬರೆಯುವವ

ತಾಯಿ ಹೇಳಿದ್ದನ್ನೇ ನಾನೂ ಹೇಳುವವನಿದ್ದೆ. ಅವರು ಹೇಳಿದ್ದೇ ಒಳ್ಳೆಯದಾಯಿತು, ಅನುಭವದ ಮಾತು.

ಬೆನ್ನುಮೂಳೆ ಸಾಲು ಮೊದಲು ತೆಗೆಯಿರಿ. ನೀವು ವೈದ್ಯರಲ್ಲ. ಆ 'ಶಾಶ್ವತ ಹಾನಿ'ಯನ್ನು ನೀವು ಕಂಡಿಲ್ಲ. ಅದು ಇಲ್ಲದ ಗಾಜು.

ಕಳೆದುಕೊಳ್ಳುವ ನೋವು, ಅಷ್ಟೇ ದೊಡ್ಡದನ್ನು ಪಡೆಯುವ ಖುಷಿಗಿಂತ ಜಾಸ್ತಿ ತೂಗುತ್ತದೆ ಎಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಬರೆದರು. ಮಾರುವವರು ಅದನ್ನೇ ಹಿಡಿದುಕೊಂಡು ಎಲ್ಲರನ್ನೂ ಹೆದರಿಸಲು ಹೊರಟಿದ್ದಾರೆ. ಅದಕ್ಕಿಂತ ಹಳೆಯ ಇನ್ನೊಂದು ಕೆಲಸ ಇದೆ. 1965ರಲ್ಲಿ ಹೊವರ್ಡ್ ಲೆವೆಂಥಾಲ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಧನುರ್ವಾಯು ಲಸಿಕೆ ಬಗ್ಗೆ ಪುಸ್ತಿಕೆ ಕೊಟ್ಟರು. ಕೆಲವು ತುಂಬ ಭಯ ಹುಟ್ಟಿಸುವಂಥವು, ಕೆಲವು ಸೌಮ್ಯ. ಭಯ ಪಟ್ಟವರು ಲಸಿಕೆ ಒಳ್ಳೆಯದು ಅಂತ ಜೋರಾಗಿ ಒಪ್ಪಿದರು. ಆದರೆ ಬರೀ ಭಯಕ್ಕೆ ಹೋಗಿ ಹಾಕಿಸಿಕೊಂಡವರು ಹೆಚ್ಚಾಗಲಿಲ್ಲ. ಯಾರಿಗೆ ಆಸ್ಪತ್ರೆಯ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹೇಳಿದ್ದರೋ, ಅವರಲ್ಲಿ ಸುಮಾರು 28 ಶೇಕಡಾ ಹೋದರು. ಉಳಿದವರಲ್ಲಿ ಸುಮಾರು 3. ಅಂದರೆ ಮನಸ್ಸು ಅಲುಗಾಡಿದ ಮೇಲೆ ಕೈ ಹಿಡಿಯಲು ಏನಾದರೂ ಕೊಡಬೇಕು.

ನಿಮ್ಮ ಬರಹದಲ್ಲಿ ಆ ಹಿಡಿ ಎಲ್ಲಿ? 'ಅತ್ಯಂತ ಬಲವಾದ ಹೊಲಿಗೆ' ಅಂದರೆ ನನಗೆ ಏನೂ ಕಾಣುವುದಿಲ್ಲ. ಹೇಗೆ ಹೊಲಿಯುತ್ತೀರಿ ಅಂತ ನಿಮ್ಮ ಅಕ್ಕನಿಗೆ ಹೇಳುವ ಹಾಗೆ ಹೇಳಿ. 'ಭರವಸೆ ನೀಡುತ್ತೇವೆ' ಅನ್ನುವುದನ್ನು ಜನ ಎಷ್ಟು ಸಲ ಕೇಳಿದ್ದಾರೆ ಅಂದರೆ ಅದು ಈಗ ಕಿವಿಗೆ ಬೀಳುವುದೇ ಇಲ್ಲ. ಕಿತ್ತರೆ ಏನು ಮಾಡುತ್ತೀರೋ ಅದನ್ನೇ ಬರೆಯಿರಿ. ಮತ್ತೆ, ಹೊಲಿಯುವುದು ನೀವೊಬ್ಬರೇ ಅಲ್ವಾ? 'ನಾವು' ಯಾಕೆ? 'ನಾನು' ಅನ್ನಿ. 'ನಾನು' ಅಂದ ಕೂಡಲೇ ಮಿಷನ್ ಮುಂದೆ ಕೂತ ಒಬ್ಬ ಹೆಣ್ಣುಮಗಳು ಕಾಣುತ್ತಾಳೆ.

'ಕಿತ್ತು ಬಂತಾ', 'ಜೋತು ಹಾಕಿಕೊಂಡು' ಎರಡೂ ಹಾಗೇ ಇರಲಿ. ಬಂಗಾರದಂಥ ಪದಗಳು.

ಬ್ಯಾಗ್ ಹೊಲಿಯುವವಳು

ಇವತ್ತು ಬರೆದದ್ದು:

"ಹೋದ ವರ್ಷದ ಬ್ಯಾಗಿನ ಪಟ್ಟಿ ನಡುವರ್ಷಕ್ಕೇ ಕಿತ್ತು ಬಂತಾ? ಮಗು ಒಂದೇ ಹೆಗಲಿಗೆ ಜೋತು ಹಾಕಿಕೊಂಡು ಹೋಗುತ್ತಿದೆಯಾ? ಪಟ್ಟಿ ಕೀಳುವುದು ಹೆಚ್ಚಾಗಿ ಮೇಲ್ತುದಿಯಲ್ಲಿ, ಬ್ಯಾಗಿಗೆ ಕೂಡುವ ಜಾಗದಲ್ಲಿ. ಅಲ್ಲಿ ನಾನು ಒಂದು ಚೌಕ ಹೊಲಿಯುತ್ತೇನೆ. ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಇನ್ನೆರಡು ಹೊಲಿಗೆ. ನೈಲಾನ್ ದಾರ. ಬ್ಯಾಗ್ ಕೈಗೆ ಬಂದಾಗ ಮೊದಲು ಅಲ್ಲೇ ಹಿಡಿದು ಜಗ್ಗಿ ನೋಡಿ. ಹಾಗಿದ್ದೂ ಕಿತ್ತರೆ ನನಗೆ ಕಳಿಸಿ. ನಾನೇ ಖಂಡಿತ ಹೊಲಿದು ವಾಪಸ್ ಕಳಿಸುತ್ತೇನೆ."

ಅಕ್ಕ ಓದಿದಳು. ಏನೂ ಹೇಳದೆ ಎದ್ದು ಹೋಗಿ, ನೇತುಹಾಕಿದ್ದ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿ ನೋಡಿದಳು.

ಜಾಹೀರಾತು ಬರೆಯುವವ

ಅಕ್ಕ ಎದ್ದು ಹೋಗಿ ಜಗ್ಗಿದರಲ್ಲ, ನಿಮಗೆ ಬೇಕಾಗಿದ್ದು ಅದೇ. ಕೊನೆಯ ಸಾಲಿನ 'ಖಂಡಿತ' ತೆಗೆದುಬಿಡಿ. 'ನಾನೇ' ಅಂದಿದ್ದೀರಿ, ಅದರ ಮೇಲೆ 'ಖಂಡಿತ' ಬಂದರೆ ಅನುಮಾನ ಶುರುವಾಗುತ್ತದೆ. ಬೇರೆ ಒಂದಕ್ಷರವೂ ಮುಟ್ಟಬೇಡಿ.

ಹಾಸಿಗೆ ಪಕ್ಕ ಇಟ್ಟುಕೊಂಡು ಮಲಗಿದ ಹುಡುಗಿಯ ಸಾಲು ಕೆಳಗೆ ಇರಲಿ, ಅವರ ಮಾತಿನಲ್ಲೇ. ಆದರೆ ಆ ತಾಯಿಯನ್ನು ಕೇಳಿ ಹಾಕಿ.

ಬ್ಯಾಗ್ ಹೊಲಿಯುವವಳು

'ಖಂಡಿತ' ತೆಗೆದೆ. ಆ ತಾಯಿಗೆ ಮಧ್ಯಾಹ್ನ ಮೆಸೇಜ್ ಮಾಡಿದ್ದೆ, ಈಗ ಉತ್ತರ ಬಂತು: "ಹಾಕಿ ಪರವಾಗಿಲ್ಲ, ಹೆಸರು ಬೇಡ. ಆದರೆ ಹಾಸಿಗೆ ಪಕ್ಕ ಅಲ್ಲ, ನಾನೇ ತಪ್ಪು ಬರೆದಿದ್ದೆ. ಹಾಸಿಗೆ ಮೇಲೆ, ಗೋಡೆ ಕಡೆ ಬ್ಯಾಗ್, ಈ ಕಡೆ ಅವಳು."

ಹಾಗೇ ತಿದ್ದಿ ಹಾಕಿದ್ದೇನೆ.